ನಿಮ್ಮ ದಿನಚರಿ ಸಿನಿಮಾ ಆದರೆ ಯಾವ ಸೀನಿಗೆ ಕತ್ತರಿ ಹಾಕುತ್ತೀರಿ?

ತುಂಗಾತೀರ:
ಪ್ರಶ್ನೆ ಸ್ವಲ್ಪ ತಲೆಹರಟೆ ಅನ್ನಿಸಬಹುದು, ಬೈಯಬೇಡಿ. ನಾನು ದಿನಾ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಸ್ಸಲ್ಲಿ ಹೋಗಿ ಬರುವವನು. ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಕಿಟಕಿ ಸೀಟು ಸಿಕ್ಕಿ ಕಿವಿಗೆ ಇಯರ್‌ಫೋನ್ ಹಾಕಿದರೆ ಮುಗೀತು, ಮಂಡಗದ್ದೆ ದಾಟುವಷ್ಟರಲ್ಲಿ ನಾನೇ ಹೀರೋ. ಹೊರಗೆ ತುಂಗೆ, ಹಿನ್ನೆಲೆಗೆ ವಯಲಿನ್, ಸಕ್ರೆಬೈಲಿನಲ್ಲಿ ಆನೆ ಕಂಡರೆ ಇಂಟರ್‌ವಲ್. ಗಾಜನೂರಿನ ಹತ್ತಿರ ಪಕ್ಕದವರು ಹೆಗಲ ಮೇಲೆ ನಿದ್ದೆಗೆ ವಾಲುತ್ತಾರೆ, ಸಿನಿಮಾ ಅಲ್ಲಿಗೆ ಬಂದ್.

ಆದರೆ ನಿಜವಾದ ಸಿನಿಮಾದಲ್ಲಿ ಈ 60 ಕಿಲೋಮೀಟರ್ ಎರಡೇ ಶಾಟ್ ಅಲ್ವಾ? ಬಸ್ ಹೊರಟಿತು, ಬಸ್ ಬಂತು. ಮಂಡಿಯಲ್ಲೂ ಅಷ್ಟೇ. ರಾಶಿ ಇಡಿ, ಬೆಟ್ಟೆ, ಗೊರಬಲು ಅಂತ ಅಡಿಕೆಯ ಒಂದೊಂದು ಬಗೆಗೆ ಒಂದೊಂದು ರೇಟು, ಸಂಜೆವರೆಗೆ ಬರೆದದ್ದೆಲ್ಲ ಪರದೆ ಮೇಲೆ ಮೂರು ಸೆಕೆಂಡ್. ಹೀಗೆ ಕತ್ತರಿಸುತ್ತಾ ಹೋದರೆ ನನ್ನ ಬದುಕಲ್ಲಿ ಉಳಿಯುವುದು ತಂಗಿ ಮದುವೆ, ಒಂದು ಬೈಕ್ ಆಕ್ಸಿಡೆಂಟ್, ಅಷ್ಟೇ. ನೀವಾದರೆ ಏನು ಇಟ್ಟುಕೊಳ್ಳುತ್ತೀರಿ?

ಹಿಂದಿನ ಸೀಟು:
ಅದಿರಲಿ ಮಾರಾಯ್ರೇ, ನೀವು ಹೀರೋ ಅಂತ ಹೇಳಿದ್ದು ಯಾರು? ಅದೇ ಬಸ್ಸಲ್ಲಿ ಇನ್ನೂ ಹತ್ತು ಜನ ಇಯರ್‌ಫೋನ್ ಹಾಕಿ ಕೂತಿರುತ್ತಾರೆ, ಅವರ ಸಿನಿಮಾದಲ್ಲಿ ನೀವು ಅಜ್ಜಿಗೆ ಸೀಟು ಬಿಡದ ಮನುಷ್ಯ. ಸುಮ್ನೆ ಕಂಡಕ್ಟರನ್ನೇ ಹೀರೋ ಮಾಡಿ. ಯಾರು ಯಾವ ಸ್ಟಾಪಲ್ಲಿ ಹತ್ತುತ್ತಾರೆ, ಯಾರ ಮನೆಗೆ ಔಷಧಿ ಪೊಟ್ಟಣ ಇಳಿಸಬೇಕು, ಯಾರ ಮಗಳು ಇವತ್ತು ಕಾಲೇಜಿಗೆ ಬಂದಿಲ್ಲ, ಎಲ್ಲ ಗೊತ್ತಿರುವುದು ಅವನಿಗೆ.

ಅಡಿಕೆ ಅಟ್ಟ:
ನಾನಂತೂ ಅಡಿಕೆ ಸುಲಿಯುವ ರಾತ್ರಿಗೆ ಕತ್ತರಿ ಹಾಕಲು ಬಿಡುವುದಿಲ್ಲ. ನಮ್ಮದು ಹೊಸನಗರದ ಕಡೆ. ಈಗ ಮಷೀನ್ ಬಂದಿದೆ, ಮೊದಲೆಲ್ಲ ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂರುತ್ತಿದ್ದೆವು. ಕ್ಯಾಮೆರಾ ಮುಖಕ್ಕೆ ಬೇಡ, ಬೆರಳಿಗೆ ಇಡಬೇಕು. ಕಾಯನ್ನು ಕತ್ತಿಗೆ ಒತ್ತಿ ಒಮ್ಮೆ ತಿರುಗಿಸಿದರೆ ಸಿಪ್ಪೆ ಸೀಳುತ್ತದೆ, ಇನ್ನೊಮ್ಮೆಗೆ ಅಡಿಕೆ ಬುಟ್ಟಿಗೆ. ನಮ್ಮ ಅತ್ತೆ ಕತ್ತಿ ಕಡೆ ನೋಡುತ್ತಲೇ ಇರಲಿಲ್ಲ, ಎದುರು ಕೂತವರ ಮುಖ ನೋಡುತ್ತಾ ಇಡೀ ಊರಿನ ಸುದ್ದಿ ಹೇಳುತ್ತಿದ್ದರು. ಬೆರಳ ಸಂದಿಯ ಕಪ್ಪು ಎಷ್ಟು ಸೋಪು ಹಾಕಿದರೂ ಹೋಗುತ್ತಿರಲಿಲ್ಲ, ಮದುವೆ ಮನೆಯಲ್ಲಿ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಓಡಾಡಿದ್ದೇವೆ.

ನೋಡಿದರೆ ಅಲ್ಲಿ ಏನೂ ನಡೆಯುವುದಿಲ್ಲ. ಆದರೆ ನಮ್ಮ ಅತ್ತಿಗೆ ನನ್ನ ಹತ್ತಿರ ಮಾತು ಬಿಟ್ಟದ್ದು ಅಂಥ ಒಂದು ರಾತ್ರಿ ಬಾಯಿ ತಪ್ಪಿ ಬಂದ ಮಾತಿಗೆ. ಅದನ್ನು ಕತ್ತರಿಸಿದರೆ ಮುಂದಿನ ಜಗಳದ ತಲೆಬುಡ ಯಾರಿಗೆ ಅರ್ಥವಾಗಬೇಕು?

ಆಗುಂಬೆ ಮಳೆ:
ಶಂಕರ್ ನಾಗ್ 'ಮಾಲ್ಗುಡಿ ಡೇಸ್' ತೆಗೆದದ್ದು ನಮ್ಮೂರಲ್ಲೇ. ಈಗಲೂ ದೊಡ್ಡಮನೆ ಜಗಲಿ ಹುಡುಕಿಕೊಂಡು ಜನ ಬರುತ್ತಾರೆ. ಫೋಟೋ ತೆಗೆದು ಮಳೆ ಶುರುವಾದ ತಕ್ಷಣ ಕಾರು ಹತ್ತುತ್ತಾರೆ, ನಮ್ಮ ಸಿನಿಮಾ ಶುರುವಾಗುವುದು ಆಮೇಲೆ.

ಒಂದು ತಮಾಷೆ ಗೊತ್ತಾ? ನಿಜವಾದ ಮಳೆ ಕ್ಯಾಮೆರಾದಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಹನಿಯ ಹಿಂದಿನಿಂದ ಬೆಳಕು ಬೀಳಬೇಕು, ಮೋಡ ಮುಚ್ಚಿದ ಮಂಕು ಬೆಳಕಲ್ಲಿ ಅದು ಎಲ್ಲಿಂದ ಬರಬೇಕು? ಅದಕ್ಕೇ ಶೂಟಿಂಗಿನವರು ಪೈಪಲ್ಲಿ ದಪ್ಪ ಹನಿ ಸುರಿಸಿ ಹಿಂದೆ ಲೈಟ್ ಇಡುತ್ತಾರೆ. ಹಾಗಾಗಿ ಮಲೆನಾಡಿನ ಸಿನಿಮಾ ಮಾಡುವವರು ಆಕಾಶ ತೋರಿಸಬೇಡಿ. ಬಚ್ಚಲೊಲೆ ಮೇಲೆ ಒಣಗದ ಯೂನಿಫಾರ್ಮ್ ತೋರಿಸಿ, ಸಾಕು. ಹೊಗೆ ವಾಸನೆ ಹೊಡೆಯುವ ಅಂಗಿ ಹಾಕಿಕೊಂಡೇ ನಾವು ಹತ್ತನೇ ಕ್ಲಾಸ್ ಪಾಸಾದದ್ದು.

ಹೆಗ್ಗೋಡು ದಾರಿ:
ನಮ್ಮ ಕಡೆ ಈ ಚರ್ಚೆ ಹಳೇದು. ನಮ್ಮ ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ 1973ರಲ್ಲೇ ಚಿತ್ರಸಮಾಜ ಶುರು ಮಾಡಿತ್ತು. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರ ಆ ಹುಚ್ಚಿನಿಂದ ನಮ್ಮಂಥ ಹಳ್ಳಿಯವರು ಎಲ್ಲೆಲ್ಲಿಯ ದೇಶದ ಸಿನಿಮಾ ನೋಡಿದರು. ನಮ್ಮ ದೊಡ್ಡಪ್ಪ ಒಂದು ನೋಡಿ ಬಂದು "ಅವರ ಮನೇಲೂ ನೀರು ಸೇದುವುದನ್ನೇ ಅಷ್ಟು ಹೊತ್ತು ತೋರಿಸ್ತಾರೆ ಮಾರಾಯ, ಬೇಜಾರೇ ಆಗಲಿಲ್ಲ" ಅಂದಿದ್ದರು.

ತುಂಗಾತೀರ ಅವರೇ, ಬಸ್ ಕತ್ತರಿಸಬೇಡಿ. ಮೊದಲ ಸಲ ಪೂರ್ತಿ ಐದು ನಿಮಿಷ ತೋರಿಸಿ, ಪ್ರೇಕ್ಷಕ ಆಕಳಿಸಿದರೂ ಪರವಾಗಿಲ್ಲ. ಎರಡನೇ ಸಲ ಒಂದೇ ನಿಮಿಷ. ಮೂರನೇ ಸಲ ನಿಮ್ಮ ಸೀಟಲ್ಲಿ ಬೇರೆ ಯಾರೋ ಕೂತಿದ್ದರೆ ಸಾಕು, ಏನೋ ಆಗಿದೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಮೊದಲ ಐದು ನಿಮಿಷ ಇಲ್ಲದಿದ್ದರೆ ಈ ಮೂರನೇ ಶಾಟಿಗೆ ಬೆಲೆಯೇ ಇಲ್ಲ. ವಯಲಿನ್ ಮಾತ್ರ ತೆಗೆದುಬಿಡಿ.

ತುಂಗಾತೀರ:
ವಯಲಿನ್ ಬಿಡಲು ಹೊಟ್ಟೆ ಉರಿಯುತ್ತದೆ, ಆದರೂ ಒಪ್ಪಿದೆ. ಕಂಡಕ್ಟರ್ ಹತ್ತಿರ ಹೀರೋ ಆಗ್ತೀರಾ ಅಂತ ಕೇಳಿದೆ, ಫೈಟ್ ಇದ್ದರೆ ಮಾತ್ರ ಅಂದರು. ಅಡಿಕೆ ಅಟ್ಟದ ಅಕ್ಕ, ನಿಮ್ಮ ಅತ್ತಿಗೆ ಈಗ ಮಾತಾಡುತ್ತಾರಾ?

ಅಡಿಕೆ ಅಟ್ಟ:
ಮಷೀನ್ ಬಂದ ಮೇಲೆ ಮಾತಾಡುತ್ತಾರೆ. ಅದರ ಗಲಾಟೆಗೆ ನನಗೆ ಕೇಳಿಸುವುದಿಲ್ಲ, ಅಷ್ಟೇ.