ಚಕ್ರದ ಮನೆಯ ಸೋರಿಕೆ ಪುರಾಣ

"ಗ್ಯಾಸ್ ಹೋಗಿದೆ" ಎಂದರು ಡಾಕ್ಟರು.

ಎಸಿ ತಣ್ಣಗಾಗದಿದ್ದರೆ ನಮ್ಮವರು ಭೂಮಿಯ ಯಾವ ಮೂಲೆಯಲ್ಲಿದ್ದರೂ ಆಡುವ ಮೊದಲ ಮಾತು ಇದೇ. ನಾವಿದ್ದ ಮೂಲೆ ಅರಿಜೋನಾದ ಫೀನಿಕ್ಸ್. ಜುಲೈ ತಿಂಗಳ ಸಂಜೆ. ಭಾವ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಮೋಟಾರ್‌ಹೋಮ್, ಅಂದರೆ ಅಡುಗೆ, ಹಾಸಿಗೆ ಎಲ್ಲ ಒಳಗೇ ಇರುವ ಚಕ್ರದ ಮನೆ, ಮದುವೆ ದಿಬ್ಬಣದ ಬಸ್ಸಿನಂತೆ ಮನೆಯ ಮುಂದೆ ನಿಂತಿತ್ತು. ಒಳಗೆ ನಾವು ನಾಲ್ವರು ಬೆವರುತ್ತಿದ್ದೆವು. 2023ರ ಬೇಸಿಗೆಯಲ್ಲಿ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದ 43, ಮುಟ್ಟಿ ದಾಟಿದ ಊರು ಇದು. ಇಲ್ಲಿ ಎಸಿ ಕೆಟ್ಟ ಮೋಟಾರ್‌ಹೋಮ್ ಎಂದರೆ ಇಡ್ಲಿ ಪಾತ್ರೆಯೇ ಸರಿ.

"ಯಾವ ಎಸಿಯ ಗ್ಯಾಸ್?" ಎಂದರು ಮೇಷ್ಟ್ರು. ಹಾಸನದ ಕಡೆ ಮೂವತ್ತು ವರ್ಷ ಭೌತಶಾಸ್ತ್ರ ಹೇಳಿ, ನಿವೃತ್ತರಾಗಿ ಮಗನ ಮನೆಗೆ ಬಂದವರು. ಇಲ್ಲಿ ಪಾಠ ಕೇಳುವವರಿಲ್ಲದೆ ಸೊರಗಿದ್ದರು.

"ಎಷ್ಟಿವೆ?" ಎಂದರು ಡಾಕ್ಟರು.

"ಎರಡು" ಎಂದರು ಭಾವ, ಹೆಮ್ಮೆಯಿಂದ. "ಮುಂದೆ ಡ್ಯಾಶ್‌ಬೋರ್ಡಿನದು, ಎಂಜಿನ್ ಓಡಿದರೆ ಮಾತ್ರ ಓಡುತ್ತದೆ. ಚಾವಣಿಯ ಮೇಲಿನದು ಕರೆಂಟಿನದು. ಎರಡೂ ಕೆಟ್ಟಿವೆ. ಮೇಲಿನದು ನೀರನ್ನೂ ಸುರಿಸುತ್ತದೆ."

ಅಷ್ಟರಲ್ಲಿ ಚಾವಣಿಯ ಜಾಲರಿಯಿಂದ ಒಂದು ತೊಟ್ಟು ಜಾರಿ ಭಾವನ ಬೋಳು ನೆತ್ತಿಯ ನಟ್ಟನಡುವೆ ಬಿತ್ತು. ಶಿವಲಿಂಗದ ಮೇಲಿನ ಧಾರಾಪಾತ್ರೆಗೂ ಅಷ್ಟು ಗುರಿ ಇರುವುದಿಲ್ಲ.

ಡಾಕ್ಟರು ಚೀಲದಿಂದ ಸಿಲಿಕೋನ್ ಟ್ಯೂಬ್ ತೆಗೆದರು. ಅವರು ಹಲ್ಲಿನ ಡಾಕ್ಟರು. ಸಂದು ಕಂಡರೆ ತುಂಬಬೇಕು, ತುಂಬಲಾಗದಿದ್ದರೆ ಕೀಳಬೇಕು. "ಚಾವಣಿ ಹತ್ತಿ ಎಸಿಯ ಸುತ್ತ ಬಳಿದುಬಿಡುತ್ತೇನೆ."

"ಅಯ್ಯೋ, ಬೇಡ!" ಮೇಷ್ಟ್ರು ಕೈ ಹಿಡಿದರು. "ಎಸಿಯೊಳಗೆ ಇಳಿದ ನೀರು ಚಾವಣಿಯ ಮೇಲೇ ಹರಿದುಹೋಗಬೇಕು. ಸುತ್ತ ಬಳಿದರೆ ಅದಕ್ಕೆ ಉಳಿಯುವ ದಾರಿ ಒಂದೇ."

ನಾವೆಲ್ಲ ಭಾವನ ನೆತ್ತಿ ನೋಡಿದೆವು.

ಚಾವಣಿಯಲ್ಲಿ ಹದಿನಾಲ್ಕು ಅಂಗುಲದ ಚೌಕ ರಂಧ್ರ, ಅದರ ಅಂಚಿಗೆ ಸ್ಪಂಜಿನಂಥ ಗ್ಯಾಸ್ಕೆಟ್, ಅದರ ಮೇಲೆ ಎಸಿ. ಒಳಗಿನಿಂದ ಬೋಲ್ಟ್ ಬಿಗಿದರೆ ಗ್ಯಾಸ್ಕೆಟ್ ಅದುಮಿಕೊಂಡು ಮಳೆ ನೀರನ್ನು ತಡೆಯುತ್ತದೆ. ರಸ್ತೆಯ ಕುಲುಕಾಟಕ್ಕೆ ಬೋಲ್ಟ್ ಸಡಿಲವಾಗುವುದುಂಟು. ಹಾಗಾಗಿದೆಯೋ ಎಂದು ತಿಳಿಯಲು ಮೇಷ್ಟ್ರು ಎಸಿ ಆರಿಸಿ, ನನ್ನನ್ನು ಏಣಿ ಹತ್ತಿಸಿ, ಎರಡು ಬಕೆಟ್ ನೀರು ಸುರಿಸಿದರು. (ಬಿಸಿಲಿಗೆ ಕಾದ ಚಾವಣಿ ಆ ಹೊತ್ತಿಗೂ ಕಾವಲಿಯಂತಿತ್ತು. ಮೊಣಕಾಲಿನ ಗುರುತು ಇನ್ನೂ ಇದೆ.) ಒಳಗೆ ಒಂದು ಹನಿಯೂ ಬೀಳಲಿಲ್ಲ.

"ಎಸಿ ಆರಿದಾಗ ಸೋರಿದರೆ ಗ್ಯಾಸ್ಕೆಟ್. ಓಡುವಾಗ ಮಾತ್ರ ಸೋರಿದರೆ ಎಸಿಯ ಬೆವರು" ಎಂದು ಮೇಷ್ಟ್ರು ಬೆರಳು ಎತ್ತಿದರು.

"ಜೂನ್‌ನಲ್ಲಿ ಸೋರಲಿಲ್ಲವಲ್ಲ?" ಎಂದರು ಭಾವ.

"ಜೂನ್‌ನಲ್ಲಿ ಇಲ್ಲಿನ ಗಾಳಿಯಲ್ಲಿ ನೀರೆಲ್ಲಿತ್ತು? ಈಗ ಮಾನ್ಸೂನ್ ತೇವ ಬಂದಿದೆ. ಜೊತೆಗೆ ನಿಮ್ಮವರ ಸಾರಿನ ಹಬೆ."

"ನನ್ನ ಸಾರಿನ ತಂಟೆಗೆ ಬರಬೇಡಿ" ಎಂದಳು ಅಕ್ಕ, ಬಾಗಿಲಲ್ಲಿ ನಿಂತು. ಅವಳು ಬಂದದ್ದು ಕಾಫಿ ಲೋಟಗಳಿಗಾಗಿ.

"ಹಾಗಾದರೆ ಗ್ಯಾಸೇ ಹೋಗಿದೆ" ಎಂದರು ಡಾಕ್ಟರು, ಬಿಟ್ಟ ಜಾಗದಿಂದಲೇ ಹಿಡಿದು.

ಚಾವಣಿ ಎಸಿಯ ಗ್ಯಾಸ್ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಕಾರ್ಖಾನೆಯಲ್ಲೇ ಗ್ಯಾಸ್ ತುಂಬಿ, ಉಪ್ಪಿನಕಾಯಿ ಭರಣಿಯ ಹಾಗೆ ಬಾಯಿ ಮುಚ್ಚಿ ಬೆಸುಗೆ ಹಾಕಿರುತ್ತಾರೆ. ನಾನು ಒಳಗಿನ ಜಾಲರಿ ಬಿಚ್ಚಿ ಟಾರ್ಚ್ ಹಾಕಿದೆ. ಗಾಳಿಯನ್ನು ತಣ್ಣಗಾಗಿಸುವ ಕೊಳವೆಯ ಸುರುಳಿಯ ಮೇಲೆ ಬೆರಳು ದಪ್ಪದ ಮಂಜುಗಡ್ಡೆ! ಅದೇ ಅಷ್ಟಷ್ಟೇ ಕರಗಿ ತೊಟ್ಟಿಕ್ಕುತ್ತಿತ್ತು. ಹೊರಗೆ ಬರಬೇಕಾದ ತಂಪು ಒಳಗೇ ಗಡ್ಡೆ ಕಟ್ಟಿ ಕೂತಿತ್ತು, ಕೆಲವರ ಸಂಬಳದ ಹಾಗೆ.

"ಗಾಳಿಯ ದಾರಿ ತಪ್ಪಿದೆ" ಎಂದರು ಮೇಷ್ಟ್ರು. ಕೋಣೆಯ ಗಾಳಿ ಒಳಗೆ ಹೋಗುವ ದಾರಿಗೂ ತಣ್ಣಗಾಗಿ ಹೊರಬರುವ ದಾರಿಗೂ ನಡುವೆ ಒಂದು ತಡೆ ಇರುತ್ತದೆ. ಅದರಲ್ಲಿ ಸಂದು ಬಿದ್ದರೆ ತಣ್ಣನೆಯ ಗಾಳಿ ಕೋಣೆಗೆ ಬರದೆ ಮತ್ತೆ ಎಸಿಯೊಳಗೇ ಹೋಗುತ್ತದೆ. ತಣ್ಣಗಾದದ್ದೇ ಮತ್ತೆ ತಣ್ಣಗಾಗಿ ಕೊನೆಗೆ ಮಂಜು. "ಸಂದು ಎಲ್ಲಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಹೊಗೆ ಬೇಕು."

ಅಕ್ಕ ಲೋಟಗಳನ್ನು ಕೆಳಗಿಟ್ಟು, ದೇವರ ಗೂಡಿನಿಂದ ಮೈಸೂರಿನ ಊದುಬತ್ತಿ ತಂದಳು. ಅಡುಗೆ ಅನಿಲದ ವಾಲ್ವ್ ಮುಚ್ಚಿಸಿದ ಮೇಲೆಯೇ ಕಡ್ಡಿ ಗೀರಿದಳು. ನಮಗ್ಯಾರಿಗೂ ಅದು ಹೊಳೆದಿರಲಿಲ್ಲ. ಹೊಗೆಯ ಎಳೆ ಜಾಲರಿಯ ಬಲಮೂಲೆಗೆ ಬಂದದ್ದೇ ತಡ, ಸರಕ್ಕನೆ ಅಡ್ಡಕ್ಕೆ ತಿರುಗಿ ಒಂದು ಸಂದಿನೊಳಗೆ ನುಗ್ಗಿತು. ಹಳೆಯ ಟೇಪ್ ಬಿಸಿಗೆ ಅಂಟು ಬಿಟ್ಟು ನಾಲಿಗೆಯಂತೆ ಜೋತುಬಿದ್ದಿತ್ತು.

ಬಟ್ಟೆಯಿಂದ ಮಾಡಿದ ಅಗ್ಗದ ಟೇಪ್ ಅಲ್ಲಿ ನಿಲ್ಲದು. ಅಂಟಿರುವ ಅಲ್ಯೂಮಿನಿಯಂ ಹಾಳೆಯ ಟೇಪೇ ಬೇಕು. ಮಂಜು ಕರಗುವವರೆಗೆ ಫ್ಯಾನ್ ಮಾತ್ರ ಓಡಿಸಿ, ಜಾಗ ಒರೆಸಿ ಅಂಟಿಸಿದೆವು. ಅಕ್ಕನ ಅಡುಗೆ ಥರ್ಮಾಮೀಟರ್ ಹಿಡಿದರೆ ಒಳಹೋಗುವ ಗಾಳಿಗೂ ಹೊರಬರುವ ಗಾಳಿಗೂ 18 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸ. 16ರಿಂದ 22 ಇದ್ದರೆ ಸಾಕು. ಡಾಕ್ಟರು ಸಿಲಿಕೋನ್ ಟ್ಯೂಬನ್ನು ದುಃಖದಿಂದ ಚೀಲಕ್ಕೆ ಹಾಕಿದರು.

ಇನ್ನು ಮುಂದಿನ ಎಸಿ.

"ಇದರಲ್ಲಿ ಗ್ಯಾಸ್ ಹೋಗಿರುವುದು ನಿಜ" ಎಂದು ಭಾವ ಒಪ್ಪಿಕೊಂಡರು. "ಏಪ್ರಿಲ್‌ನಲ್ಲಿ ಒಂದು ಡಬ್ಬಿ ತುಂಬಿದೆ. ಜೂನ್‌ನಲ್ಲಿ ಇನ್ನೊಂದು."

ಡಾಕ್ಟರ ಮುಖ ಅರಳಿತು.

"ಸೋರಿಕೆ ಹುಡುಕದೆ ತುಂಬಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ" ಎಂದರು ಮೇಷ್ಟ್ರು. "ಡಬ್ಬಿಯಲ್ಲಿ ಬಣ್ಣ ಬೆರೆತಿತ್ತೇ?"

ಬೆರೆತಿತ್ತು. ಗ್ಯಾಸ್ ಸೋರುವಲ್ಲಿ ಎಣ್ಣೆಯೂ ಒಸರುತ್ತದೆ, ಎಣ್ಣೆಯ ಜೊತೆ ಬಣ್ಣ. ಅತಿನೇರಳೆ ದೀಪ ಹಿಡಿದು ಹಳದಿ ಕನ್ನಡಕದಲ್ಲಿ ನೋಡಿದರೆ ಅದು ಹಸಿರುಹಳದಿಯಾಗಿ ಹೊಳೆಯುತ್ತದೆ. ಕತ್ತಲಾಗುವವರೆಗೆ ಕಾದೆವು. ಭಾವ ಪ್ಯಾಂಟ್ ಬದಲಿಸಿ ಬಿಳಿ ಪಂಚೆ ಉಟ್ಟು ಬಂದರು. ಎಂಜಿನ್ ಆರಿಸಿ, ಮುಚ್ಚಳ ಎತ್ತಿ ದೀಪ ಬಿಟ್ಟದ್ದೇ ತಡ, ಮೇಷ್ಟ್ರು ಕೂಗಿದರು: "ಸಿಕ್ಕಿತು! ಎಷ್ಟು ದೊಡ್ಡ ಸೋರಿಕೆ!"

ಹೊಳೆದದ್ದು ಭಾವನ ಪಂಚೆ. ಬಟ್ಟೆ ಸೋಪಿನಲ್ಲಿ ಬಿಳುಪು ಬರಲೆಂದು ಬೆರೆಸುವ ವಸ್ತುವೂ ಈ ದೀಪಕ್ಕೆ ನೀಲಿಯಾಗಿ ಬೆಳಗುತ್ತದೆ. ಭಾವನನ್ನು ಹತ್ತಡಿ ದೂರ ನಿಲ್ಲಿಸಿದೆವು.

ಕಂಪ್ರೆಸರ್ ಒಣಗಿತ್ತು. ಕೊಳವೆಯ ಜೋಡಣೆಗಳಲ್ಲೂ ಏನಿಲ್ಲ. ಗ್ಯಾಸ್ ತುಂಬುವ ವಾಲ್ವಿನ ಬಾಯಿಯಲ್ಲಿ ಮಾತ್ರ ಸಾಸಿವೆ ಗಾತ್ರದ ಒಂದು ಹಸಿರು ಚುಕ್ಕೆ. ಸೈಕಲ್ ಶಾಪಿನವನು ಟ್ಯೂಬಿನ ವಾಲ್ವಿಗೆ ಎಂಜಲು ಸವರಿ ನೋಡುವಂತೆ ಮೇಷ್ಟ್ರು ಅಲ್ಲಿಗೆ ಸೋಪಿನ ನೀರು ಸವರಿದರು. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಒಂದು ಗುಳ್ಳೆ ಮೆಲ್ಲನೆ ಉಬ್ಬಿ ಒಡೆಯಿತು. ಹಿಂದೆಯೇ ಇನ್ನೊಂದು.

"ಒಳಗಿನ ಪಿನ್ ಬದಲಿಸಬೇಕು. ಟೈರಿನ ಪಿನ್ ನೋಡಲು ಇದರಂತೆಯೇ ಇದ್ದರೂ ಹಾಕಬಾರದು. ಇರುವ ಗ್ಯಾಸನ್ನು ಗಾಳಿಗೆ ಬಿಡುವುದು ಈ ದೇಶದಲ್ಲಿ ಅಪರಾಧ, ಅದನ್ನು ಎಳೆದುಕೊಳ್ಳುವ ಯಂತ್ರ ಮೆಕ್ಯಾನಿಕ್ ಹತ್ತಿರವೇ ಇರುತ್ತದೆ" ಎಂದರು ಮೇಷ್ಟ್ರು. "ಅದಿರಲಿ, ಈ ವಾಲ್ವಿನ ಮುಚ್ಚಳ ಎಲ್ಲಿ? ಅದಿದ್ದಿದ್ದರೆ ಇಷ್ಟು ಸೋರುತ್ತಿರಲಿಲ್ಲ."

"ಕೊಳ್ಳುವಾಗಲೇ ಇರಲಿಲ್ಲ" ಎಂದರು ಭಾವ ಹತ್ತಡಿ ದೂರದಿಂದ. "ಮಾರಿದವನು ಮೋಸ ಮಾಡಿದ."

ಅಕ್ಕ ಒಳಗಿನಿಂದ ಗುಂಡಿ, ಸೂಜಿದಾರದ ಡಬ್ಬಿ ತಂದು ತಡಕಾಡಿ, ಒಂದು ಪುಟ್ಟ ಕರಿ ಮುಚ್ಚಳ ಎತ್ತಿ ಹಿಡಿದಳು. "ಇದೇ ಏನು? ಏಪ್ರಿಲ್‌ನಲ್ಲಿ ನಿಮ್ಮ ಪ್ಯಾಂಟ್ ಒಗೆಯಲು ಹಾಕುವಾಗ ಜೇಬಿನಲ್ಲಿ ಸಿಕ್ಕಿತು. ಯಾವುದೋ ಕೋಟಿನ ಗುಂಡಿ ಇರಬೇಕೆಂದು ಎತ್ತಿಟ್ಟಿದ್ದೆ."

ಕತ್ತಲಲ್ಲಿ ಪಂಚೆ ಮೆಲ್ಲಗೆ ಮನೆಯ ಕಡೆಗೆ ಹೊರಟಿತು. ಡಾಕ್ಟರು ಅದರ ಮೇಲೆ ದೀಪ ಬಿಟ್ಟರು.