ಗ್ಯಾಸ್ ಲೀಸ್‌ಗೆ ಸಹಿ ಹಾಕಿ ನಾಲ್ಕು ವರ್ಷ ಆಯ್ತು, ಬಾವಿ ಯಾಕೆ ಕೊರೆಯುತ್ತಿಲ್ಲ?

ನಮಸ್ಕಾರ. ಪೆನ್ಸಿಲ್ವೇನಿಯಾದ ಸಸ್ಕ್ವೆಹಾನಾ ಕೌಂಟಿಯಲ್ಲಿ ನಮ್ಮದು 38 ಎಕರೆ ಇದೆ, ನೆಲದಡಿಯ ಹಕ್ಕೂ ನಮ್ಮದೇ. ಐದು ವರ್ಷಕ್ಕೆ ಲೀಸ್ ಕೊಟ್ಟೆವು. ಸಹಿ ಹಾಕಿದಾಗ ಬೋನಸ್ ಬಂತು, ಆಮೇಲೆ ಸದ್ದೇ ಇಲ್ಲ. ಆಚೆ ರಸ್ತೆಗೆ ರಿಗ್ ಬಂದು ಕೆಲಸ ಮುಗಿಸಿ ಹೋಯಿತು. ಫೋನ್ ಮಾಡಿದರೆ "ಪ್ಲಾನ್‌ನಲ್ಲಿದೆ" ಅನ್ನುತ್ತಾರೆ. ಗೊತ್ತಿದ್ದವರು ಹೇಳುತ್ತೀರಾ?

ವಾಷಿಂಗ್ಟನ್ ಕೌಂಟಿಯಿಂದ

ಸರ್, ನಾವು 2009ರಲ್ಲಿ ಸಹಿ ಹಾಕಿದ್ದು, ಬಾವಿ ಬಂದಿದ್ದು 2017ರಲ್ಲಿ. ಊರಲ್ಲಿ ದುಡ್ಡು ಕಟ್ಟಿದರೆ ಬೋರ್‌ವೆಲ್ ಲಾರಿ ರಾತ್ರೋರಾತ್ರಿ ಬಂದು ಕೊರೆದು ಹೋಗುತ್ತದಲ್ಲ, ನಾನೂ ಹಾಗೇ ಅಂದುಕೊಂಡಿದ್ದೆ. ಲೀಸ್ ಅಂದರೆ ಕೊರೆಯುತ್ತೇವೆ ಅಂತ ಕೊಟ್ಟ ಮಾತಲ್ಲ. ಬೇಕು ಅನ್ನಿಸಿದರೆ ಅಷ್ಟು ವರ್ಷದೊಳಗೆ ಕೊರೆಯುವ ಹಕ್ಕು, ಅಷ್ಟೇ.

ಬೇಕು ಅನ್ನಿಸೋದು ರೇಟ್ ನೋಡಿ. 2008ರ ಬೇಸಿಗೆಯಲ್ಲಿ ಹೆನ್ರಿ ಹಬ್ ದರ (ಅಮೆರಿಕದಲ್ಲಿ ಗ್ಯಾಸ್ ಬೆಲೆಗೆ ಅಳತೆಗೋಲು) ಹತ್ತು ಲಕ್ಷ ಬಿಟಿಯುಗೆ 12 ಡಾಲರ್ ದಾಟಿತ್ತು, ಏಜೆಂಟರು ಮನೆ ಬಾಗಿಲಿಗೇ ಬರುತ್ತಿದ್ದರು. 2012ರ ಏಪ್ರಿಲ್ ಹೊತ್ತಿಗೆ 2 ಡಾಲರ್‌ಗಿಂತ ಕೆಳಗೆ. 2022ರಲ್ಲಿ 8 ದಾಟಿತು, 2024ರಲ್ಲಿ ಮತ್ತೆ 2ರ ಕೆಳಗೆ. ಒಂದು ಬಾವಿಗೆ ಹತ್ತಾರು ಲಕ್ಷ ಡಾಲರ್ ಬೇಕು, ಆ ರೇಟಿಗೆ ಯಾರು ಸುರಿಯುತ್ತಾರೆ? ನಮ್ಮ ಕಡೆ ಮೀಥೇನ್ ಜೊತೆ ಪ್ರೊಪೇನ್, ಬ್ಯೂಟೇನ್ ಕೂಡ ಬರುತ್ತದೆ, ಅದನ್ನು ಬೇರೆಯಾಗಿ ಮಾರಬಹುದು. ನಿಮ್ಮ ಕಡೆ ಬಾವಿಗಳು ಭಾರೀ ಜೋರು, ಆದರೆ ಮಾರೋಕೆ ಮೀಥೇನ್ ಒಂದೇ.

ಸ್ಕ್ರ್ಯಾಂಟನ್‌ನಿಂದ

ರೇಟ್ ಸರಿ, ಆದರೆ ನಿಮ್ಮ ಭಾಗದಲ್ಲಿ ಪೈಪ್‌ಲೈನೇ ದೊಡ್ಡ ತಲೆನೋವು. ಗ್ಯಾಸ್ ಇದ್ದರೂ ಹೊರಗೆ ಸಾಗಿಸಲು ದಾರಿ ಬೇಕಲ್ಲ. ನಿಮ್ಮ ಕೌಂಟಿಯಿಂದಲೇ ನ್ಯೂಯಾರ್ಕ್‌ಗೆ ಕಾನ್‌ಸ್ಟಿಟ್ಯೂಷನ್ ಪೈಪ್‌ಲೈನ್ ಹೋಗಬೇಕಿತ್ತು. 2014ರಲ್ಲಿ ಫೆಡರಲ್ ಒಪ್ಪಿಗೆ ಸಿಕ್ಕಿತು, 2016ರಲ್ಲಿ ನ್ಯೂಯಾರ್ಕ್ ರಾಜ್ಯ ನೀರಿನ ಪರ್ಮಿಟ್ ಕೊಡಲಿಲ್ಲ, 2020ರಲ್ಲಿ ಕಂಪನಿಗಳು ಕೈಬಿಟ್ಟವು. ನ್ಯೂಜೆರ್ಸಿ ಕಡೆಯ ಪೆನ್‌ಈಸ್ಟ್ ಪೈಪ್‌ಲೈನ್ ಕಥೆಯೂ 2021ಕ್ಕೆ ಮುಗಿಯಿತು.

ಬ್ರ್ಯಾಡ್‌ಫರ್ಡ್ ಕೌಂಟಿಯಿಂದ

38 ಎಕರೆಯಲ್ಲಿ ಏನೂ ಆಗುವುದಿಲ್ಲ ಸರ್, ಬೇಜಾರು ಮಾಡಿಕೊಳ್ಳಬೇಡಿ. ಬಾವಿ ಕೆಳಗಿಳಿದು ಅಡ್ಡಕ್ಕೆ ಮೈಲಿ, ಎರಡು ಮೈಲಿ ಹೋಗುತ್ತದೆ, ಅದಕ್ಕೆ ನೂರಾರು ಎಕರೆ ಸೇರಿಸಿ ಯೂನಿಟ್ ಮಾಡಬೇಕು. ಮಧ್ಯದಲ್ಲಿ ಒಬ್ಬ ಸಹಿ ಹಾಕದಿದ್ದರೂ ಕಷ್ಟ. ಒಹಾಯೊದಲ್ಲಿ ಒಪ್ಪದವರನ್ನೂ ಸೇರಿಸಿಕೊಳ್ಳುವ ಕಾನೂನಿದೆ. ಇಲ್ಲಿನ ಅಂಥ 1961ರ ಕಾನೂನು ಆನಂಡಾಗ ಅನ್ನೋ ಬಂಡೆ ಪದರಕ್ಕಿಂತ ಆಳದ ಬಾವಿಗಳಿಗೆ ಮಾತ್ರ, ನಮ್ಮ ಗ್ಯಾಸ್ ಇರುವ ಮಾರ್ಸೆಲಸ್ ಪದರ ಇರೋದು ಅದರ ಮೇಲೆ!

ನಮ್ಮ ಯೂನಿಟ್ ಎರಡು ವರ್ಷ ನಿಂತಿದ್ದು ಹಳೇ ಕ್ರಯಪತ್ರದಿಂದ. ಯಾರೋ ಜಮೀನು ಮಾರುವಾಗ ಗ್ಯಾಸಿನ ಅರ್ಧ ಹಕ್ಕು ತನಗೇ ಇಟ್ಟುಕೊಂಡಿದ್ದ, ಅವನ ಮೊಮ್ಮಕ್ಕಳು ಐದು ರಾಜ್ಯಗಳಲ್ಲಿ ಹರಡಿದ್ದರು. ಎಲ್ಲ ಮುಗಿದು ಮರ ಕಡಿಯೋಣ ಅಂದರೆ ಬಾವಲಿಗಳಿಗೆ ತೊಂದರೆ ಆಗಬಾರದು, ಚಳಿಗಾಲದಲ್ಲೇ ಕಡಿಯಬೇಕು ಅಂದರು. ಮತ್ತೆ ಆರು ತಿಂಗಳು.

ವೇಯ್ನ್ ಕೌಂಟಿಯಿಂದ

ನಮ್ಮದು ಡೆಲವೇರ್ ನದಿಯ ಜಲಾನಯನ. ಬಂಡೆ ಒಡೆದು ಗ್ಯಾಸ್ ತೆಗೆಯುವ ಫ್ರ್ಯಾಕಿಂಗ್‌ಗೆ ಇಲ್ಲಿ 2010ರಿಂದ ತಡೆ, 2021ರಲ್ಲಿ ಪೂರ್ತಿ ನಿಷೇಧ. ಲೀಸ್ ಸುಮ್ನೆ ಸತ್ತುಹೋಯಿತು.

ವಾಷಿಂಗ್ಟನ್ ಕೌಂಟಿಯಿಂದ, ಮತ್ತೆ

ಈಗ ಮೂರು ವಿಷಯ ನೋಡಿ. ಲೀಸ್ ಮುಂದುವರಿಸುವ ಷರತ್ತು ಇದೆಯಾ? "ಕೆಲಸ ಶುರು" ಅಂದರೆ ಏನು ಅಂತ ಬರೆದಿದ್ದಾರೆ? ಕೆಲವು ಲೀಸ್‌ಗಳಲ್ಲಿ ಬುಲ್ಡೋಜರ್ ತಂದು ಮಣ್ಣು ತಟ್ಟಿದರೂ ಸಾಕು. ಮೂರನೆಯದು, ಆಚೆ ರಸ್ತೆಯ ಬಾವಿಯ ಯೂನಿಟ್‌ನಲ್ಲಿ ನಿಮ್ಮ ಜಮೀನಿನ ತುಂಡು ಸೇರಿದೆಯಾ? ಎರಡೇ ಎಕರೆ ಸೇರಿದ್ದರೂ, ಆ ಬಾವಿ ಗ್ಯಾಸ್ ಕೊಡುವವರೆಗೆ ಪೂರ್ತಿ 38 ಎಕರೆ ಅವರ ಕೈಯಲ್ಲೇ ಉಳಿಯಬಹುದು, ಯೂನಿಟ್‌ಗೆ ಸೇರದ ಜಮೀನನ್ನು ಬಿಟ್ಟುಕೊಡಬೇಕು ಅನ್ನೋ ಷರತ್ತು (ಪ್ಯೂ ಕ್ಲಾಸ್, Pugh clause) ಹಾಕಿಸಿಕೊಂಡಿರದಿದ್ದರೆ. ಜಮೀನಿನ ದಾಖಲೆ ಇಡುವ ಕೌಂಟಿಯ ರೆಕಾರ್ಡರ್ ಆಫೀಸಿನಲ್ಲಿ ಯೂನಿಟ್ ಕಾಗದ ಸಿಗುತ್ತದೆ.

ಕೇಳಿದವರು

ನೋಡಿದೆ. ಯೂನಿಟ್‌ನಲ್ಲಿ ನಾವಿಲ್ಲ. ಆದರೆ ಮೂರನೇ ಪುಟದಲ್ಲಿ, ಅದೇ ಬೋನಸ್ ಮತ್ತೆ ಕೊಟ್ಟರೆ ಇನ್ನೂ ಐದು ವರ್ಷ ಅಂತಿದೆ. ಹಾಗಾದರೆ ಕಾಯಲೇಬೇಕಾ?

ವಾಷಿಂಗ್ಟನ್ ಕೌಂಟಿಯಿಂದ

ಗಡುವಿನೊಳಗೆ ಚೆಕ್ ಬಂದರೆ ಹೌದು. ಬರದಿದ್ದರೆ ಮರುದಿನವೇ ಲೀಸ್ ಬಿಟ್ಟ ಕಾಗದ ಬರೆದುಕೊಡಿ ಅಂತ ಪತ್ರ ಹಾಕಿ. ಅಷ್ಟರಲ್ಲಿ ತಾರೀಕು ತಿದ್ದಿದ ಹೊಸ ಕಾಗದ ಹಿಡಿದು ಯಾರಾದರೂ ಬಂದರೆ, ಕಾಫಿ ಕೊಟ್ಟು ಕಳಿಸಿ, ವಕೀಲರಿಗೆ ತೋರಿಸದೆ ಸಹಿ ಮಾತ್ರ ಹಾಕಬೇಡಿ.