ಒಡೆಯದ ಲೋಟ, ವರ್ಷಗಟ್ಟಲೆಯ ಸರದಿ: ಪೂರ್ವ ಜರ್ಮನಿಯ ಸಾಮಾನುಗಳ ಬಗ್ಗೆ ಒಂದು ಚರ್ಚೆ

ಹಳೇ ಕ್ಯಾಮೆರಾ:
ಪೂರ್ವ ಜರ್ಮನಿಯ ಮಾತು ಬಂದಾಗಲೆಲ್ಲ ಬರ್ಲಿನ್ ಗೋಡೆ, ಗುಪ್ತ ಪೊಲೀಸರು, ಹೊಗೆಯುಗುಳುವ ಟ್ರಬಾಂಟ್ ಕಾರು, ಅಲ್ಲಿಗೆ ಕಥೆ ಮುಗಿಯುತ್ತದೆ. ನಾನು ಒಂದು ಗಾಜಿನ ಲೋಟದ ವಿಷಯ ಎತ್ತುತ್ತೇನೆ. ಸೂಪರ್‌ಫೆಸ್ಟ್ ಎಂಬ ಈ ಲೋಟಗಳನ್ನು ಸ್ಯಾಕ್ಸನಿಯ ಶ್ವೆಪ್ನಿಟ್ಸ್ ಎಂಬ ಊರಿನಲ್ಲಿ 1980ರಿಂದ ತಯಾರಿಸುತ್ತಿದ್ದರು. ಕರಗಿದ ಪೊಟ್ಯಾಸಿಯಂ ಲವಣದಲ್ಲಿ ಗಾಜನ್ನು ಅದ್ದಿದಾಗ ಅದರ ಮೇಲ್ಪದರದ ಸೋಡಿಯಂ ಅಯಾನುಗಳು ಹೊರಬಂದು, ಆ ಜಾಗದಲ್ಲಿ ಗಾತ್ರದಲ್ಲಿ ದೊಡ್ಡದಾದ ಪೊಟ್ಯಾಸಿಯಂ ಅಯಾನುಗಳು ಒತ್ತಿಕೊಂಡು ಕೂರುತ್ತವೆ. ಮೇಲ್ಪದರ ಬಿಗಿಯಾಗುವುದರಿಂದ ಸಣ್ಣ ಬಿರುಕು ಹರಡುವುದಿಲ್ಲ. ಇಂದಿನ ಮೊಬೈಲ್ ಪರದೆಯ ಗಾಜನ್ನು ಗಟ್ಟಿ ಮಾಡುವುದೂ ಇದೇ ತತ್ವದಿಂದ. ಸುಮಾರು 12 ಕೋಟಿ ಲೋಟಗಳು ತಯಾರಾದವು. ಪಶ್ಚಿಮದ ವ್ಯಾಪಾರಿಗಳಿಗೆ ಇವು ಬೇಕಾಗಲಿಲ್ಲ. ಒಡೆಯದ ಲೋಟ ಕೊಂಡವನು ಮತ್ತೆ ಅಂಗಡಿಗೆ ಏಕೆ ಬಂದಾನು? 1990ರಲ್ಲಿ ಉತ್ಪಾದನೆ ನಿಂತಿತು. ಇಂಥ ವಸ್ತು ಮಾಡಬಲ್ಲವರ ದುಡಿಮೆಯನ್ನೆಲ್ಲ ‘ಸಮಾಜವಾದದ ಕಳಪೆ ಮಾಲು’ ಎಂದು ಒಂದೇ ಏಟಿಗೆ ಗುಡಿಸಿಹಾಕಿದ್ದು ನ್ಯಾಯವೇ?

ಧಾರವಾಡದ ಮೇಷ್ಟ್ರು:
ಲೋಟ ಒಳ್ಳೆಯದೇ, ಒಪ್ಪಿದೆ. ಆದರೆ ಅದು ಏಕೆ ಹುಟ್ಟಿತು ಎಂಬುದನ್ನೂ ಹೇಳಬೇಕು. ಕ್ಯಾಂಟೀನು, ಮದ್ಯದಂಗಡಿಗಳಲ್ಲಿ ಲೋಟ ಒಡೆದರೆ ಬದಲಿಗೆ ಇನ್ನೊಂದನ್ನು ಪೂರೈಸುವುದೇ ಆ ವ್ಯವಸ್ಥೆಗೆ ಕಷ್ಟವಾಗಿತ್ತು. ಅಭಾವವೇ ಅದರ ತಾಯಿ. ಅದೇ ಅಭಾವ ಟ್ರಬಾಂಟ್ ಕಾರನ್ನೂ ಹೆತ್ತಿತು. 1957ರಲ್ಲಿ ತ್ಸ್ವಿಕಾವ್ ನಗರದಲ್ಲಿ ಅದರ ತಯಾರಿಕೆ ಶುರುವಾದಾಗ ಉಕ್ಕಿನ ತಗಡು ಸಾಕಷ್ಟು ಸಿಗುತ್ತಿರಲಿಲ್ಲ. ಸೋವಿಯತ್ ಒಕ್ಕೂಟದಿಂದ ಬಂದ ಹತ್ತಿಯ ತ್ಯಾಜ್ಯಕ್ಕೆ ರಾಳ ಬೆರೆಸಿ, ಒತ್ತಿ, ಕಾರಿನ ಮೈ ಮಾಡಿದರು. ಅದು ಜಾಣ್ಮೆಯೇ ಸರಿ. ಆದರೆ 1964ರಲ್ಲಿ ಬಂದ 601 ಮಾದರಿಯನ್ನು 1990ರವರೆಗೆ ಹೆಚ್ಚು ಬದಲಾವಣೆಯಿಲ್ಲದೆ ಮಾರಿದ್ದನ್ನು ಏನೆನ್ನಬೇಕು? ಸಾಮಾನ್ಯ ಮಾದರಿಯಲ್ಲಿ ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವ ಮುಳ್ಳೂ ಇರಲಿಲ್ಲ. ಟ್ಯಾಂಕಿನೊಳಗೆ ಕಡ್ಡಿ ಇಳಿಸಿ ನೋಡಬೇಕಿತ್ತು. ಅದಕ್ಕೂ ಹತ್ತು ವರ್ಷಕ್ಕಿಂತ ಹೆಚ್ಚು ಕಾಯಬೇಕು. ಹೊಸ ಕಾರಿಗಿಂತ ಹಳೆಯ ಕಾರಿಗೆ ಹೆಚ್ಚು ಬೆಲೆ ಬರುತ್ತಿತ್ತು, ಏಕೆಂದರೆ ಹಳೆಯದು ಇವತ್ತೇ ಕೈಗೆ ಸಿಗುತ್ತದೆ. ಗ್ರಾಹಕನನ್ನು ಇಷ್ಟು ಕಡೆಗಣಿಸಿದ ವ್ಯವಸ್ಥೆಯನ್ನು ಒಂದು ಲೋಟ ತೋರಿಸಿ ಮೆಚ್ಚಿಸಲು ಬರುವುದಿಲ್ಲ.

ಲೈಪ್‌ಜಿಗ್ ನಿವಾಸಿ:
ಮೇಷ್ಟ್ರೇ, ವ್ಯವಸ್ಥೆಯನ್ನು ಮೆಚ್ಚಿ ಎಂದು ಕ್ಯಾಮೆರಾದವರು ಕೇಳಲೇ ಇಲ್ಲ. ನಾನು ಕೆಲಸದ ಮೇಲೆ ಇಲ್ಲಿಗೆ ಬಂದು ನೆಲೆಸಿದವಳು. ನಮ್ಮ ಕಟ್ಟಡದ ಹಿರಿಯರೊಬ್ಬರ ಅಡುಗೆಮನೆಯಲ್ಲಿ ಆರ್‌ಜಿ28 ಎಂಬ ಕೈಮಿಕ್ಸರ್ ಈಗಲೂ ಓಡುತ್ತಿದೆ. ಅದು ಜೂಲ್ ಪಟ್ಟಣದ ಸರ್ಕಾರಿ ಕಾರ್ಖಾನೆಯ ಮಾಲು. ಅವರು ಅದನ್ನು ಉಳಿಸಿಕೊಂಡಿರುವುದು ಆಗಿನ ಆಳುವ ಪಕ್ಷದ ನಾಯಕ ಹೊನೆಕರ್ ಮೇಲಿನ ಪ್ರೀತಿಯಿಂದಲ್ಲ, ಅದು ಕೆಡಲಿಲ್ಲ ಎಂಬ ಕಾರಣಕ್ಕೆ.

ಆದರೆ ಅವರೇ ಇಂಟರ್‌ಶಾಪ್ ಎಂಬ ಅಂಗಡಿಗಳ ಬಗ್ಗೆ ಮಾತೆತ್ತಿದರೆ ಧ್ವನಿ ಗಡುಸಾಗುತ್ತದೆ. ಅಲ್ಲಿ ಪಶ್ಚಿಮದ ಸಾಬೂನು, ಚಾಕೊಲೇಟ್, ಜೀನ್ಸ್ ಎಲ್ಲವೂ ಸಿಗುತ್ತಿತ್ತು, ವಿದೇಶಿ ಹಣ ಇದ್ದವರಿಗೆ ಮಾತ್ರ. 1974ರಿಂದ ಸಾಮಾನ್ಯ ನಾಗರಿಕರೂ ಪಶ್ಚಿಮದ ಹಣ ಇಟ್ಟುಕೊಳ್ಳಬಹುದಾಯಿತು. ಹಾಗಾದ ಮೇಲೆ ಪಶ್ಚಿಮದಲ್ಲಿ ನೆಂಟರಿದ್ದವರು ಒಂದು ಜಾತಿ, ಇಲ್ಲದವರು ಇನ್ನೊಂದು ಜಾತಿ. ಗೆನೆಕ್ಸ್ ಎಂಬ ಸಂಸ್ಥೆಯ ಕ್ಯಾಟಲಾಗ್ ಮೂಲಕ ಪಶ್ಚಿಮದ ನೆಂಟರು ತಮ್ಮ ಹಣವಾದ ಮಾರ್ಕ್ ಕಟ್ಟಿದರೆ ವರ್ಷಗಟ್ಟಲೆಯ ಸರದಿ ತಪ್ಪಿಸಿ ಟ್ರಬಾಂಟ್ ಕೂಡ ಮನೆಗೆ ಬರುತ್ತಿತ್ತು. ಸಮಾನತೆಯ ಹೆಸರಿನಲ್ಲಿ ನಡೆದ ರಾಜ್ಯ ತನ್ನ ಪ್ರಜೆಗಳನ್ನು ಹೀಗೆ ಅಂಗಡಿಯ ಬಾಗಿಲಲ್ಲೇ ವಿಂಗಡಿಸಿದ್ದು, ನನ್ನ ಪ್ರಕಾರ, ಟ್ರಬಾಂಟಿನ ಹೊಗೆಗಿಂತ ದೊಡ್ಡ ಅಪರಾಧ.

ಮೂಡಿಗೆರೆ ತೋಟದವಳು:
ಕಾಫಿಯ ವಿಷಯ ಯಾರೂ ಎತ್ತಲಿಲ್ಲವಲ್ಲ! ಆ ದೇಶದ ಜನ ಕಾಫಿಗಾಗಿಯೂ ಸರ್ಕಾರಕ್ಕೆ ಎದುರು ನಿಂತದ್ದುಂಟು. 1975ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಗಿಡಗಳು ಸುಟ್ಟುಹೋದವು, ಜಗತ್ತಿನಾದ್ಯಂತ ಕಾಫಿ ಬೆಲೆ ಗಗನಕ್ಕೇರಿತು. ಡಾಲರ್ ಇಲ್ಲದ ಪೂರ್ವ ಜರ್ಮನಿ 1977ರಲ್ಲಿ ಅಗ್ಗದ ಕಾಫಿಪುಡಿಯನ್ನು ನಿಲ್ಲಿಸಿ ‘ಕಾಫಿ ಮಿಕ್ಸ್’ ತಂದಿತು: 51 ಭಾಗ ಕಾಫಿ, ಉಳಿದ 49 ಭಾಗ ಚಿಕೋರಿ, ರೈ ಧಾನ್ಯ, ಬಟಾಣಿಯಂಥವು. ಬಟಾಣಿಯ ಹಿಟ್ಟು ಹೋಟೆಲುಗಳ ಕಾಫಿ ಯಂತ್ರಗಳಲ್ಲಿ ಕಟ್ಟಿಕೊಂಡಿತು. ಸರ್ಕಾರಕ್ಕೆ ಸಾವಿರಾರು ದೂರಿನ ಪತ್ರಗಳು ಬಂದವು.

ನಮ್ಮಲ್ಲಿ ಚಿಕೋರಿ ಬೆರೆಸಿದ ಪುಡಿಯನ್ನು ಕೇಳಿ ತರುತ್ತಾರೆ, ಎಷ್ಟು ಬೆರಕೆ ಇರಬೇಕೆಂದು ಅಂಗಡಿಯಲ್ಲಿ ನಿಂತು ಹೇಳುತ್ತಾರೆ. ಅಲ್ಲಿ ಅದೇ ಚಿಕೋರಿ ಅವಮಾನವಾಯಿತು, ಏಕೆಂದರೆ ಅದನ್ನು ಅವರು ಆರಿಸಿಕೊಂಡಿರಲಿಲ್ಲ. ಮೇಷ್ಟ್ರ ವಾದಕ್ಕೆ ನನ್ನ ಬೆಂಬಲ ಇಲ್ಲಿದೆ.

ಅದರ ಮುಂದಿನ ಕಥೆ ಮಾತ್ರ ನಮ್ಮ ಬೆಳೆಗಾರರ ಹೊಟ್ಟೆಗೆ ತಾಗುವಂಥದ್ದು. 1980ರಲ್ಲಿ ಅವರು ವಿಯೆಟ್ನಾಂ ಜೊತೆ ಒಪ್ಪಂದ ಮಾಡಿಕೊಂಡು ದಾಕ್‌ಲಾಕ್ ಪ್ರಾಂತ್ಯದಲ್ಲಿ ತೋಟ ಮಾಡಿಸಿದರು. ಯಂತ್ರ, ಲಾರಿ, ತಜ್ಞರು ಎಲ್ಲ ಜರ್ಮನಿಯಿಂದ. ಬೆಳೆಯ ಅರ್ಧ ಪಾಲು ಜರ್ಮನಿಗೆ. ಗಿಡಗಳು ಚೆನ್ನಾಗಿ ಫಸಲು ಕೊಡುವ ಹೊತ್ತಿಗೆ ಒಪ್ಪಂದ ಮಾಡಿಕೊಂಡ ದೇಶವೇ ಇರಲಿಲ್ಲ, 1990ರಲ್ಲಿ ಅದು ಪಶ್ಚಿಮ ಜರ್ಮನಿಯೊಳಗೆ ಸೇರಿಹೋಗಿತ್ತು. ವಿಯೆಟ್ನಾಂ ಇಂದು ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲೇ ಹೆಚ್ಚು ಕಾಫಿ ಬೆಳೆಯುವ ದೇಶ. ರೊಬಸ್ಟಾ ಬೆಲೆ ಬಿದ್ದಾಗಲೆಲ್ಲ ನಮ್ಮವರು ಬೈಯುವುದು ಅವರನ್ನೇ.

ಹೊಸ ಓದುಗ:
ಅಂಥ ರಾಜ್ಯದಲ್ಲಿ ದೂರಿನ ಪತ್ರ ಬರೆಯಲು ಜನರಿಗೆ ಧೈರ್ಯ ಎಲ್ಲಿಂದ ಬಂತು? ಹಿಡಿದು ಒಳಗೆ ಹಾಕುತ್ತಿರಲಿಲ್ಲವೇ?

ಲೈಪ್‌ಜಿಗ್ ನಿವಾಸಿ:
ಸರ್ಕಾರಕ್ಕೆ ಅಹವಾಲು ಬರೆಯುವುದು ಅಲ್ಲಿ ಕಾನೂನು ಒಪ್ಪಿದ ಹಕ್ಕಾಗಿತ್ತು, ಕಚೇರಿಗಳು ಉತ್ತರಿಸಲೇಬೇಕಿತ್ತು. ಮನೆ ಸೋರುತ್ತಿದೆ, ಕಾರಿನ ಬಿಡಿಭಾಗ ಸಿಗುತ್ತಿಲ್ಲ, ಮಗುವಿನ ಬೂಟು ಸಿಗುತ್ತಿಲ್ಲ, ಹೀಗೆ ಜನ ಬರೆಯುತ್ತಲೇ ಇದ್ದರು. ‘ನನಗೆ ಫ್ರಿಜ್ ಸಿಕ್ಕಿಲ್ಲ’ ಎನ್ನಬಹುದಿತ್ತು. ‘ಈ ಪಕ್ಷವೇ ಬೇಡ’ ಎಂದರೆ ಕಥೆ ಬೇರೆ.

ಧಾರವಾಡದ ಮೇಷ್ಟ್ರು:
ಬೇರೆ ಎಂದರೆ ಎಷ್ಟು ಬೇರೆ ಎಂದು ನಾನು ಹೇಳುತ್ತೇನೆ. ಹೊಹೆನೆಕ್ ಮಹಿಳಾ ಜೈಲಿನಲ್ಲಿ ರಾಜಕೀಯ ಕೈದಿಗಳೂ ಇದ್ದರು. ದೇಶ ಬಿಟ್ಟು ಹೋಗಲು ಯತ್ನಿಸಿದ್ದೇ ಎಷ್ಟೋ ಹೆಂಗಸರ ಅಪರಾಧ. ಅವರಿಂದ ಹಾಸಿಗೆ ಹೊದಿಕೆ, ಕಾಲುಚೀಲ ಹೊಲಿಸಿದರು, ಆ ಮಾಲು ಪಶ್ಚಿಮದ ಅಂಗಡಿಗಳಿಗೂ ಹೋಯಿತು. ತನ್ನ ಕೆಲವು ಸರಕುಗಳ ತಯಾರಿಕೆಯಲ್ಲಿ ಪೂರ್ವ ಜರ್ಮನಿಯ ರಾಜಕೀಯ ಕೈದಿಗಳನ್ನು ದುಡಿಸಲಾಗಿತ್ತು ಎಂದು ಸ್ವೀಡನ್ನಿನ ಐಕಿಯಾ ಕಂಪನಿ 2012ರಲ್ಲಿ ಒಪ್ಪಿಕೊಂಡು ವಿಷಾದಿಸಿತು. ಬಾಳಿಕೆಯ ಬಗ್ಗೆ ಮಾತನಾಡುವವರು ಮಾಡಿದವರ ಕೈಗಳ ಬಗ್ಗೆಯೂ ಮಾತನಾಡಲೇಬೇಕು. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವವನಲ್ಲ.

ಹಳೇ ಕ್ಯಾಮೆರಾ:
ಕೊಡಬೇಡಿ, ಮೇಷ್ಟ್ರೇ. ಅಗ್ಗವಾಗಿ ಕೊಂಡ ಪಶ್ಚಿಮಕ್ಕೂ ಕೊಡಬೇಡಿ. ನನ್ನ ಹೆಸರಿಗೆ ಕಾರಣವಾದ ಸಾಮಾನಿನ ಬಗ್ಗೆಯೂ ಹೇಳಿಬಿಡುತ್ತೇನೆ. 1970ರ ದಶಕದಲ್ಲಿ ನಮ್ಮ ಸ್ಟುಡಿಯೋಗಳಿಗೂ ಸಿನಿಮಾದವರಿಗೂ ಆರ್ವೋ ಫಿಲ್ಮ್ ಆಸರೆಯಾಗಿತ್ತು. ಪೂರ್ವ ಜರ್ಮನಿಯ ಜೊತೆ ರೂಪಾಯಿಯಲ್ಲೇ ವ್ಯಾಪಾರ ನಡೆಯುತ್ತಿದ್ದುದರಿಂದ ಡಾಲರ್ ಖರ್ಚಿಲ್ಲದೆ ಫಿಲ್ಮ್ ಬರುತ್ತಿತ್ತು. ಎಷ್ಟೋ ಮನೆಗಳ ಮದುವೆ ಫೋಟೋ ಇಂದಿಗೂ ಉಳಿದಿರುವುದು ಆ ಫಿಲ್ಮಿನಿಂದ. ಅದನ್ನು ತಯಾರಿಸುತ್ತಿದ್ದ ವೋಲ್ಫೆನ್‌ನ ಕಾರ್ಖಾನೆ ತನ್ನ ಕೊಳೆನೀರನ್ನು ಹಳೆಯ ಕಲ್ಲಿದ್ದಲು ಗುಂಡಿಯೊಂದಕ್ಕೆ ವರ್ಷಗಟ್ಟಲೆ ಸುರಿಯಿತು. ಆ ವಿಷದ ಗುಂಡಿಗೆ ಜನ ಇಟ್ಟ ಹೆಸರು ‘ಬೆಳ್ಳಿ ಕೆರೆ’. ಎರಡನ್ನೂ ಮಾಡಿದ್ದು ಒಂದೇ ಕಾರ್ಖಾನೆ. ಹಾಗಾಗಿಯೇ ಹೊಗಳಿಕೆಯಾಗಲಿ ತೆಗಳಿಕೆಯಾಗಲಿ, ಸಾರಾಸಗಟಾಗಿ ಬೇಡ ಎನ್ನುತ್ತಿದ್ದೇನೆ.

ಲೈಪ್‌ಜಿಗ್ ನಿವಾಸಿ:
1990ರ ಜುಲೈ 1ರಂದು ಆದದ್ದು ಮಾತ್ರ ಸಾರಾಸಗಟೇ. ಅಂದು ಪಶ್ಚಿಮದ ಮಾರ್ಕ್ ಜಾರಿಗೆ ಬಂತು, ಸಂಬಳ ಒಂದಕ್ಕೆ ಒಂದರಂತೆ ಬದಲಾಯಿತು. ಅಂಗಡಿಗಳ ಕಪಾಟುಗಳಲ್ಲಿ ಪಶ್ಚಿಮದ ಮಾಲು ತುಂಬಿ, ಊರಿನ ಹಾಲು, ಉಪ್ಪಿನಕಾಯಿ ಕೂಡ ಕಾಣದಾದವು. ಜನರೂ ಹೊಸದನ್ನೇ ಬಯಸಿದರು. ಕಾದು ಕಾದು ಬೇಸತ್ತವರನ್ನು ಅದಕ್ಕಾಗಿ ದೂರಲಾರೆ. ಕಾರ್ಖಾನೆಗಳ ಸ್ಥಿತಿ ನೋಡಿ: ಸಂಬಳ ಗಟ್ಟಿ ಹಣದಲ್ಲಿ ಕೊಡಬೇಕು, ಹಳೆಯ ಗಿರಾಕಿಗಳಾದ ಪೂರ್ವ ಯುರೋಪಿನ ದೇಶಗಳ ಬಳಿ ಆ ಹಣವಿಲ್ಲ. ಸುಧಾರಿಸಿಕೊಳ್ಳಲು ಸಮಯವನ್ನೇ ಕೊಡಲಿಲ್ಲ. ಸರ್ಕಾರಿ ಕಾರ್ಖಾನೆಗಳನ್ನು ಮಾರಲು, ಮುಚ್ಚಲು ನೇಮಿಸಿದ್ದ ಟ್ರಾಯ್‌ಹಾಂಡ್ ಸಂಸ್ಥೆಯ ಹೆಸರು ಕೇಳಿದರೆ ಇಲ್ಲಿನ ಹಿರಿಯರ ಮುಖ ಇಂದಿಗೂ ಕೆಂಪಾಗುತ್ತದೆ.

ಕೆಲವು ಮರಳಿ ಎದ್ದವು. ನಿಂಬೆಯ ಹುಳಿ ಮುಂದಾಗಿರುವ ವಿಟಾ ಕೋಲಾ ಥುರಿಂಗಿಯಾದಲ್ಲಿ ಮತ್ತೆ ಮನೆಮಾತಾಯಿತು. ರೋಟ್‌ಕೆಪ್‌ಶೆನ್ ಎಂಬ ಪೂರ್ವದ ವೈನ್ ಕಂಪನಿ 2002ರಲ್ಲಿ ಪಶ್ಚಿಮದ ಮುಮ್ ಕಂಪನಿಯ ಜರ್ಮನ್ ವ್ಯವಹಾರವನ್ನೇ ಕೊಂಡಿತು.

ಮೂಡಿಗೆರೆ ತೋಟದವಳು:
ಹಾಗಾದರೆ ಪೂರ್ವದವರ ಕೈಯಲ್ಲಿ ಉಳಿದದ್ದು ಕೋಲಾ, ವೈನ್ ಮಾತ್ರವೇ? ಆ ಲೋಟದಂಥ ನಿಜವಾದ ತಾಂತ್ರಿಕ ಕೆಲಸ ಯಾವುದಾದರೂ ಮುಂದುವರಿಯಿತೇ?

ಹಳೇ ಕ್ಯಾಮೆರಾ:
ಮುಂದುವರಿಯಿತು, ಬೇರೆಯವರ ಕಾರ್ಖಾನೆಗಳಲ್ಲಿ. ಸ್ಯಾಕ್ಸನಿಯ ಶಾರ್ಫೆನ್‌ಸ್ಟೈನ್‌ನಲ್ಲಿ ಹಳೆಯ ಸರ್ಕಾರಿ ಫ್ರಿಜ್ ಕಾರ್ಖಾನೆಯೊಂದಿತ್ತು. 1992ರಲ್ಲಿ ಟ್ರಾಯ್‌ಹಾಂಡ್ ಅದನ್ನು ಮುಚ್ಚುವ ಅಂಚಿನಲ್ಲಿದ್ದಾಗ ಅಲ್ಲಿನವರು ಗ್ರೀನ್‌ಪೀಸ್ ಎಂಬ ಪರಿಸರ ಸಂಘಟನೆಯ ಜೊತೆ ಸೇರಿ ಓಝೋನ್ ಪದರಕ್ಕೆ ಹಾನಿ ಮಾಡದ, ಪ್ರೊಪೇನ್ ಮತ್ತು ಬ್ಯೂಟೇನ್‌ನಿಂದ ತಣಿಯುವ ಫ್ರಿಜ್ ಕಟ್ಟಿದರು. ದೊಡ್ಡ ಕಂಪನಿಗಳು ಅದು ಅಪಾಯಕಾರಿ ಎಂದು ಹೆದರಿಸಿದವು. 1993ರಲ್ಲಿ ಫೊರೋನ್ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಸ್ವಲ್ಪ ಕಾಲದಲ್ಲೇ ಹೆದರಿಸಿದವರೂ ಅದೇ ದಾರಿ ಹಿಡಿದರು. ಫೊರೋನ್ 1996ರಲ್ಲಿ ದಿವಾಳಿಯಾಯಿತು. ಮೇಷ್ಟ್ರೇ, ನಿಮ್ಮ ಮನೆಯ ಫ್ರಿಜ್ಜಿನ ಮೇಲಿನ ಚೀಟಿಯಲ್ಲಿ ಆರ್600ಎ ಎಂದಿದ್ದರೆ, ಅದು ಐಸೊಬ್ಯೂಟೇನ್, ಅದೇ ಬಗೆಯ ಅನಿಲ.

ಧಾರವಾಡದ ಮೇಷ್ಟ್ರು:
ನೋಡಿ ಬಂದೆ, ಹಾಗೆಯೇ ಇದೆ. ಆದರೆ ಗಮನಿಸಿ, ಆ ಫ್ರಿಜ್ ಹುಟ್ಟಿದ್ದು 1989ರಲ್ಲಿ ಗೋಡೆ ಬಿದ್ದ ನಂತರ, ಹೊರಗಿನ ಸಂಘಟನೆಯೊಂದರ ಜೊತೆ ಬಹಿರಂಗವಾಗಿ ಕೈಜೋಡಿಸಲು ಅವರಿಗೆ ಸ್ವಾತಂತ್ರ್ಯ ಸಿಕ್ಕ ಮೇಲೆ. ಕೌಶಲ ಮೊದಲೇ ಇತ್ತು ಎಂಬ ನಿಮ್ಮ ಮಾತನ್ನು ಅಲ್ಲಗಳೆಯುವುದಿಲ್ಲ. ಅದನ್ನು ನಲವತ್ತು ವರ್ಷ ಕಟ್ಟಿಹಾಕಿದವರ ಮೇಲಿನ ನನ್ನ ಸಿಟ್ಟು ಇದರಿಂದ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.